ಹಣ್ಣೆಲೆಯ ಕಾಡಿಗೊಂದು ಭಾನುವಾರ

'ಸಾರ್, ಚಿತ್ರದಲ್ಲಿರುವಂಥ ಕೆಂಪು ಕಾಡು ನಮ್ಮಲ್ಲಿಲ್ಲವೇ?' ಎಂದು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು.

ನಮ್ಮಲ್ಲೂ ಬಣ್ಣವಿದೆ, ಅಕ್ಟೋಬರಿನಲ್ಲಲ್ಲ. ಶೀತದೇಶದ ಮರಗಳು ಚಳಿಗಾಲಕ್ಕೆ ಮುನ್ನ ಎಲೆ ಉದುರಿಸಿದರೆ, ನಮ್ಮವು ನೀರು ಉಳಿಸಲು ಬೇಸಿಗೆಗೆ ಮುನ್ನ ಉದುರಿಸುತ್ತವೆ. ಪತ್ರಹರಿತ್ತು ನಶಿಸಿದಾಗ ಎಲೆಯೊಳಗೆ ಅಡಗಿದ್ದ ಹಳದಿ ಕಾಣುತ್ತದೆ, ಕೆಂಪು ಆಂಥೋಸಯನಿನ್‌ನದು.

ದಾವಣಗೆರೆ, ಹರಿಹರದಲ್ಲೇ ಕಾಡುಬಾದಾಮಿ ಮರದಡಿ ಕೆಂಪೆಲೆ ಹೆಕ್ಕಬಹುದು. ಬೆಟ್ಟ ಬೇಕೆಂದರೆ ಫೆಬ್ರುವರಿಯಲ್ಲಿ ಭದ್ರಾ ಅಣೆಕಟ್ಟೆಯ ಲಕ್ಕವಳ್ಳಿಗೆ ಹೋಗಿ. ತೇಗದ ಕಾಡು ಎಲೆ ಕಳಚುತ್ತಿರುತ್ತದೆ. ಇನ್ನೂ ಮೇಲೆ, ಕೆಮ್ಮಣ್ಣುಗುಂಡಿಯ ನಿತ್ಯಹರಿದ್ವರ್ಣ ಶೋಲಾ ಕಾಡಿನಲ್ಲಿ ಕೆಂಪು ಕಾಣುವುದು ಹಣ್ಣೆಲೆಯಲ್ಲಲ್ಲ, ಎಳೆ ಚಿಗುರಿನಲ್ಲಿ.

ತೊಡಕೊಂದೇ: ಅದು ಪರೀಕ್ಷೆ ಹತ್ತಿರವಾಗುವ ಕಾಲ. ಪಾಲಕರೇ, ಒಂದು ಭಾನುವಾರ ಮಕ್ಕಳನ್ನು ಪುಸ್ತಕದಿಂದ ಬಿಡಿಸಿ. ಏಪ್ರಿಲ್ ರಜೆಯವರೆಗೆ ಎಲೆ ಕಾಯುವುದಿಲ್ಲ.