ಅಪ್ಪನ ಕೆಲಸಗಳ ಪಟ್ಟಿ

ನಮ್ಮ ಅಪ್ಪ ಹಾರ್ನ್‌ಬಿಯಲ್ಲಿ ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಶುರುವಾಯಿತು. "ಏನಿಲ್ಲ, ಚಳಿಗೆ ಅಷ್ಟೆ" ಅಂತ ಎರಡು ತಿಂಗಳು ತಳ್ಳಿದರು. ಕೊನೆಗೆ ಅಮ್ಮ ಬಿಡಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸ್ಕೂಲಿಗೆ ರಜೆ ಇತ್ತು, ನಾನೂ ಹೋಗಿದ್ದೆ.

ಡಾಕ್ಟರು ಎದೆ ಪರೀಕ್ಷೆ ಮಾಡಿದರು. ಆಮೇಲೆ "ಇಲ್ಲಿವರೆಗೆ ಏನೇನು ಕೆಲಸ ಮಾಡಿದ್ದೀರಿ? ಎಲ್ಲಾ ಹೇಳಿ" ಅಂದರು. ಅಪ್ಪ ಒಂದೊಂದೇ ಹೇಳಿದರು. ಬೆಂಗಳೂರಿನಲ್ಲಿ ಮೂರು ವರ್ಷ ಗ್ರಾನೈಟ್ ಪಾಲಿಶ್. ಈ ದೇಶಕ್ಕೆ ಬಂದಮೇಲೆ ಆರು ವರ್ಷ ಅಡುಗೆಕಟ್ಟೆಯ ಕಲ್ಲು ಕತ್ತರಿಸುವ ಕೆಲಸ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು: "ನೀರು ಹಾಕಿ ಕತ್ತರಿಸ್ತಿದ್ರಾ, ಹಾಗೇನಾ?"

"ಮೊದಲೆರಡು ವರ್ಷ ಹಾಗೇನೇ."

"ಮಾಸ್ಕು?"

"ಒಂದೊಂದು ಸಲ."

ಕಲ್ಲಿನಲ್ಲಿ ಸಿಲಿಕಾ ಇರುತ್ತೆ. ಕಲ್ಲುಪುಡಿಯನ್ನು ಅಂಟಿನ ಜೊತೆ ಒತ್ತಿ ಫ್ಯಾಕ್ಟರಿಯಲ್ಲಿ ಮಾಡುವ ಕಲ್ಲಿನಲ್ಲಿ ಅದು ಶೇಕಡಾ 90ಕ್ಕಿಂತ ಹೆಚ್ಚೂ ಇರಬಹುದು. ಅದಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನು ನಿಷೇಧಿಸಿತು. (ನಿಮ್ಮ ಮನೆಯ ಕಟ್ಟೆಯಿಂದ ಏನೂ ಆಗಲ್ಲ, ಹೆದರಬೇಡಿ. ಕತ್ತರಿಸುವಾಗ, ಉಜ್ಜುವಾಗ ಏಳುವ ಧೂಳೇ ಅಪಾಯ.) ಕಣ್ಣಿಗೂ ಕಾಣದಷ್ಟು ಸಣ್ಣ ಧೂಳು ಶ್ವಾಸಕೋಶದ ಒಳಗೆ ಕೂತು ಗಾಯದ ಕಲೆ ಮಾಡುತ್ತೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟು ಎಷ್ಟೋ ವರ್ಷ ಆದಮೇಲೂ ಕಾಣಿಸಿಕೊಳ್ಳಬಹುದು.

ಪರೀಕ್ಷೆಗಳು ಶುರುವಾದವು. ಒಂದು ಕೊಳವೆಯಲ್ಲಿ ಜೋರಾಗಿ ಊದಬೇಕು. ನರ್ಸ್ "ಊದಿ, ಊದಿ, ಇನ್ನೂ ಊದಿ!" ಅಂತ ಕೂಗುತ್ತಿದ್ದರು, ಅಪ್ಪನ ಮುಖ ಟೊಮೆಟೊ ಆಗಿತ್ತು. ನಾನು ನಕ್ಕೆ. ಅಪ್ಪನೂ ನಕ್ಕರು, ನಗುತ್ತಾ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಆಮೇಲೆ ನಾನು ನಗಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಾವು ಅವತ್ತು ಪಿಜ್ಜಾ ತಿಂದೆವು. ಆದರೆ ಡಾಕ್ಟರು, "ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಇರಬಹುದು, ಸಿಟಿ ಸ್ಕ್ಯಾನ್ ಬೇಕು" ಅಂತ ಎಸಿಸಿಗೆ ಅರ್ಜಿ ಹಾಕಿದರು. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆ. ಟಿಬಿ ಪರೀಕ್ಷೆಯನ್ನೂ ಮಾಡಿದರು, ಅದು ಇರಲಿಲ್ಲ.

ಬಂಗಾರಪೇಟೆಯ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದಾಗ ಅವರು ಸುಮ್ಮನೆ ಎದ್ದು ಹೋಗಿ ಬೀರುವಿನಿಂದ ಒಂದು ಹಳೇ ಎಕ್ಸ್‌ರೇ ತಂದರು. ಕಿಟಕಿಗೆ ಹಿಡಿದು ತೋರಿಸಿದರು. ತಾತನದು. ತುಂಬಾ ಬಿಳೀ ಚುಕ್ಕೆ.

ತಾತ ಕೆಜಿಎಫ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದರಂತೆ. ಅಲ್ಲಿಯ ಕೆಲಸಗಾರರಿಗೆ ಈ ಕಾಯಿಲೆ ಬರುತ್ತೆ ಅಂತ 1940ರ ದಶಕದಲ್ಲೇ ಡಾಕ್ಟರುಗಳಿಗೆ ಗೊತ್ತಿತ್ತು. ಆದರೆ ತಾತ ಗಣಿ ಬಿಟ್ಟು ಬೇರೆ ಊರಿನಲ್ಲಿ ವಾಚ್‌ಮನ್ ಆಗಿದ್ದರು. ಆಸ್ಪತ್ರೆ ಚೀಟಿಯಲ್ಲೂ ವಾಚ್‌ಮನ್ ಅಂತಲೇ ಬರೆದಿದ್ದರು. "ಟಿಬಿ ಅಂದ್ರು. ಮಾತ್ರೆ ನುಂಗಿ ನುಂಗಿ ಸಾಕಾಯ್ತು. ಮುಂಚೆ ಏನ್ ಕೆಲ್ಸ ಮಾಡ್ತಿದ್ರಿ ಅಂತ ಒಬ್ರೂ ಕೇಳ್ಲಿಲ್ಲ ಕಣಮ್ಮಾ" ಅಂದರು ಅಜ್ಜಿ. ತಾತ ಹೋದಾಗ ಅಪ್ಪ ಒಂಬತ್ತನೇ ಕ್ಲಾಸು.

ಈ ಕಲೆಗಳನ್ನು ಅಳಿಸುವ ಔಷಧಿ ಇಲ್ಲ. ಅಪ್ಪ ಇನ್ನು ಧೂಳಿನ ಹತ್ತಿರ ಹೋಗಬಾರದು, ಪ್ರತಿ ವರ್ಷ ಪರೀಕ್ಷೆ ಮಾಡಿಸಬೇಕು. ಬೇಗ ಗೊತ್ತಾಗಿದ್ದೇ ಒಳ್ಳೇದಾಯ್ತು ಅಂತ ಅಮ್ಮ ಹೇಳ್ತಾರೆ, ಹೇಳುವಾಗ ಅಳ್ತಾರೆ ಕೂಡ.

ಈಗ ಅಪ್ಪ ಸಂಜೆ ಹೊತ್ತು ಹಳೇ ವರ್ಕ್‌ಶಾಪಿನ ಜೊತೆಗಾರರಿಗೆ ಫೋನ್ ಮಾಡುತ್ತಾರೆ. "ಕೆಮ್ಮು ಇಲ್ಲದಿದ್ರೂ ಡಾಕ್ಟರ ಹತ್ತಿರ ಹೋಗು, ಕಲ್ಲು ಕತ್ತರಿಸ್ತಿದ್ದೆ ಅಂತ ನೀನೇ ಹೇಳು" ಅಂತಾರೆ. ಏಳು ಜನರಲ್ಲಿ ಐದು ಜನ ಸಿಕ್ಕಿದ್ದಾರೆ. ಒಬ್ಬರು ಆಕ್ಲೆಂಡಿಗೆ ಹೋದರಂತೆ, ಇನ್ನೊಬ್ಬರ ನಂಬರು ಬದಲಾಗಿದೆ. ಅಪ್ಪ ಇನ್ನೂ ಹುಡುಕುತ್ತಿದ್ದಾರೆ.