ಸತ್ತ ಪ್ರೋಸೆಸ್ ಬಿಟ್ಟುಹೋದ ಜಾಡು

2003ರ ಸುಮಾರಿಗೆ ನಾನು ಹುಮನಾಬಾದ್ ಬಳಿಯ ಮಾಣಿಕನಗರದಲ್ಲೇ ಕುಳಿತು ದೂರದೂರಿನ ವೆಬ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಇಂಟರ್ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಲಿನಕ್ಸ್ ಬೇಕೆಂದರೆ ಹೈದರಾಬಾದಿಗೆ ಹೋದವರು ‘ಪಿಸಿಕ್ವೆಸ್ಟ್’ ಪತ್ರಿಕೆಯ ಸಿ.ಡಿ. ತಂದುಕೊಡಬೇಕಿತ್ತು. ಆ ಸರ್ವರ್‌ಗಳಲ್ಲಿ ಓಡುತ್ತಿದ್ದುದು ಅಪಾಚೆ. 1995ರಲ್ಲಿ ಕೆಲವು ಪ್ರೋಗ್ರಾಮರ್‌ಗಳು ಎನ್‌ಸಿಎಸ್‌ಎ ಸರ್ವರ್‌ಗೆ ಮಾಡಿಕೊಂಡಿದ್ದ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಶುರುಮಾಡಿದ ತಂತ್ರಾಂಶ ಅದು.

“ಅಣ್ಣಾ, ಪೇಜ್ ಒಮ್ಮೊಮ್ಮೆ ಖಾಲಿ ಬರ್ಲತ್ತದ” ಎಂದು ಫೋನ್ ಬರುತ್ತಿತ್ತು. ಅಪಾಚೆಯಲ್ಲಿ ಒಂದು ಮರಿ ಪ್ರೋಸೆಸ್ ಸತ್ತರೆ ತಾಯಿ ಪ್ರೋಸೆಸ್ ಕೂಡಲೇ ಇನ್ನೊಂದನ್ನು ಹುಟ್ಟಿಸುತ್ತದೆ. ಹಾಗಾಗಿ ಸರ್ವರ್ ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತಿತ್ತು. ಸಾವಿನ ಸುಳಿವು ಎರರ್ ಲಾಗ್‌ನಲ್ಲಿ ಒಂದೇ ಸಾಲು: ಸೆಗ್ಮೆಂಟೇಶನ್ ಫಾಲ್ಟ್, ಸಿಗ್ನಲ್ 11. ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದೆ ಎಂದರ್ಥ.

ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಸಾಯುವ ಗಳಿಗೆಯ ಮೆಮೊರಿಯನ್ನು ಕೋರ್ ಫೈಲಾಗಿ ಉಳಿಸಲು ಅದರ ಗಾತ್ರದ ಮಿತಿ ಸಡಿಲಿಸಬೇಕು. ಮರಿ ಪ್ರೋಸೆಸ್ ಬರೆಯಬಲ್ಲ ಫೋಲ್ಡರನ್ನೇ ತೋರಿಸಬೇಕು. ಅದನ್ನು ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆದರೆ ಫಂಕ್ಷನ್ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಡಿಬಗ್ ಮಾಹಿತಿ ಸೇರಿಸಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಲು ತಾಸುಗಟ್ಟಲೆ ಬೇಕು. ದತ್ತ ಜಯಂತಿಯ ರಾತ್ರಿಗಳಲ್ಲಿ ನಮ್ಮೂರಿನ ಮಾಣಿಕಪ್ರಭು ಸಂಸ್ಥಾನದ ಸಂಗೀತ ಕೇಳುತ್ತ ಆ ಕಂಪೈಲ್ ಮುಗಿಯುವುದನ್ನು ಕಾದಿದ್ದೇನೆ.

2002ರಲ್ಲಿ ಬಂದ ಅಪಾಚೆ 2.0 ಥ್ರೆಡ್‌ಗಳನ್ನೂ ಬಳಸತೊಡಗಿತ್ತು. ನಮ್ಮ ಪೇಜುಗಳನ್ನು ರಚಿಸುತ್ತಿದ್ದ ಪಿಎಚ್‌ಪಿ ನೆಚ್ಚಿಕೊಂಡಿದ್ದ ಹಲವು ಲೈಬ್ರರಿಗಳು ಅದಕ್ಕೆ ಸಿದ್ಧವಿರಲಿಲ್ಲ. ಎರಡು ಥ್ರೆಡ್‌ಗಳು ಒಂದೇ ಮೆಮೊರಿಯನ್ನು ತಿದ್ದಿದರೆ ಕುಸಿಯುತ್ತಿದ್ದುದು ಏನೂ ತಪ್ಪಿಲ್ಲದ ಮೂರನೆಯ ಫಂಕ್ಷನ್. ಒಂದೊಂದು ಕೋರ್ ಫೈಲೂ ಬೇರೆ ಬೇರೆ ಜಾಗ ತೋರಿಸಿದರೆ ಮೆಮೊರಿ ಮೊದಲೇ ಎಲ್ಲೋ ಕೆಟ್ಟಿದೆ ಎಂದರ್ಥ. ಥ್ರೆಡ್ ಇಲ್ಲದ ಪ್ರೀಫೋರ್ಕ್ ಪದ್ಧತಿಗೆ ಮರಳಿದ ಮೇಲೆ ಆ ಖಾಲಿ ಪೇಜುಗಳು ನಿಂತವು.

ಆಮೇಲೆ ಸಾಧನಗಳು ಬದಲಾದವು. ವ್ಯಾಲ್‌ಗ್ರೈಂಡ್ ಎಂಬ ಸಾಧನ ಮೆಮೊರಿಯ ತಪ್ಪು ಹಿಡಿಯುತ್ತಿತ್ತು, ಆದರೆ ಪ್ರೋಗ್ರಾಂ ತೆವಳುತ್ತಿತ್ತು. ಗೂಗಲ್‌ನವರು ಕಟ್ಟಿದ ಅಡ್ರೆಸ್ ಸ್ಯಾನಿಟೈಸರ್ 2013ರಲ್ಲಿ ಜಿಸಿಸಿ ಕಂಪೈಲರಿನ 4.8ನೆಯ ಆವೃತ್ತಿಯೊಳಗೇ ಬಂತು. ಮೆಮೊರಿ ಪಡೆದದ್ದೆಲ್ಲಿ, ಬಿಟ್ಟುಕೊಟ್ಟದ್ದೆಲ್ಲಿ, ಬಿಟ್ಟ ಮೇಲೂ ಮುಟ್ಟಿದ್ದೆಲ್ಲಿ, ಮೂರನ್ನೂ ಅದು ಸಾಲಿನ ಸಂಖ್ಯೆಯೊಂದಿಗೆ ಹೇಳುತ್ತದೆ. ನಾವು ವಾರಗಟ್ಟಲೆ ಅಲೆದು ಮುಟ್ಟುತ್ತಿದ್ದ ಜಾಗ ಎಷ್ಟೋ ಸಲ ಒಂದು ಪರೀಕ್ಷೆಯಲ್ಲೇ ಕಾಣುತ್ತದೆ. 2016ರಿಂದ ಗೂಗಲ್‌ನದೇ ಓಎಸ್‌ಎಸ್-ಫಝ್ ಎಂಬ ಸೇವೆ ಎಷ್ಟೋ ಮುಕ್ತ ತಂತ್ರಾಂಶಗಳನ್ನು ಹಗಲಿರುಳೂ ಹೀಗೆ ಪರೀಕ್ಷಿಸುತ್ತಿದೆ.

ಇದರಿಂದ ನನಗೆ ಸಂತೋಷವೇ. ಆದರೆ ಒಂದು ಕಳವಳವೂ ಉಂಟು. ಈಗ ಸರ್ವರ್ ಕಂಟೇನರಿನೊಳಗೆ ಓಡುತ್ತದೆ. ಕುಸಿದರೆ ಹೊಸದೊಂದು ತಾನೇ ಎದ್ದು ನಿಲ್ಲುತ್ತದೆ. ಕೋರ್ ಫೈಲನ್ನು ಹೊರಗೆ ಉಳಿಸುವ ಏರ್ಪಾಡಿಲ್ಲದಿದ್ದರೆ ಹಳೆಯದರ ಜೊತೆಗೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಹುಮನಾಬಾದ್, ಬಸವಕಲ್ಯಾಣದಿಂದ ಈ ಕೆಲಸ ಕಲಿಯಲು ಬರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಮೊದಲು ಸಾಕ್ಷಿ ಉಳಿಸಿ, ಆಮೇಲೆ ರೀಸ್ಟಾರ್ಟ್ ಮಾಡಿ. ಸೋರ್ಸ್ ಕೋಡ್ ಅಂದಿನಂತೆ ಇಂದೂ ತೆರೆದೇ ಇದೆ. ತಪ್ಪು ಹುಡುಕಿದವರು ಯಾವ ಊರಿನವರೆಂದು ಅದು ಕೇಳುವುದಿಲ್ಲ. ಕುಸಿತವನ್ನು ಮತ್ತೆ ಮಾಡಿ ತೋರಿಸಬಲ್ಲವರ ತಿದ್ದುಪಡಿಗೆ ಅಲ್ಲಿ ಜಾಗವಿದೆ.