ಜಪಾನೀಯರ ಪಂಕ್ತಿಯಲ್ಲಿ ಒಂದು ಊಟ

ಪರಾನ್ನವೆಂದರೆ ನಮ್ಮ ಹಿರಿಯರಿಗೆ ಇದ್ದ ಅಂಜಿಕೆಯು ಇಂದಿನವರಿಗೆ ನಗೆಯ ಮಾತಾಗಿದೆ. ನಮ್ಮ ತೀರ್ಥರೂಪರು ಕಲಬುರಗಿಯ ಕಚೇರಿಗೆ ಹೋಗಬೇಕಾದಾಗ ಜೋಳದ ರೊಟ್ಟಿ, ಶೇಂಗಾದ ಹಿಂಡಿಗಳನ್ನು ಬುತ್ತಿ ಕಟ್ಟಿಕೊಂಡು ಹೋಗಿ, ನೀರನ್ನು ಸಹ ತಮ್ಮ ತಂಬಿಗೆಯಿಂದಲೇ ಕುಡಿದು, ಸಂಜೆಗೆ ಅಂದೋಲಾಕ್ಕೆ ಮರಳುತ್ತಿದ್ದರು. ಅಂಥವರ ಮಗನಾದ ನಾವು, ಮಾಸ್ತರಿಕೆಯಿಂದ ನಿವೃತ್ತರಾದ ವರುಷವೇ, ಬೆಂಗಳೂರಿನ ಒಂದು ಜಪಾನೀ ಭೋಜನಗೃಹದಲ್ಲಿ ಎರಡು ಕಡ್ಡಿಗಳನ್ನು ಹಿಡಿದು ಕುಳಿತೆವೆಂದರೆ ವಾಚಕರು ನಂಬಲಿಕ್ಕಿಲ್ಲ. ಆದರೂ ನಡೆದದ್ದನ್ನು ನಡೆದಂತೆ ಹೇಳುವೆವು. ಆ ಊಟದಲ್ಲಿ ನಮಗೆ ಒದಗಿದ ಪಾಠವು ಅನ್ನಕ್ಕಿಂತ ಹೆಚ್ಚಿನದು.

ನಮ್ಮ ಮಗಳು ಬೆಂಗಳೂರಿನಲ್ಲಿ ಜಪಾನೀಯರ ಒಂದು ಕಂಪನಿಯಲ್ಲಿ ಕೆಲಸಕ್ಕಿರುವಳು. ೧೯೯೭ರಲ್ಲಿ ಟೊಯೋಟಾ ಕಿರ್ಲೋಸ್ಕರ ಮೋಟಾರು ಕಂಪನಿಯು ಸ್ಥಾಪಿತವಾಗಿ ಬಿಡದಿಯಲ್ಲಿ ಕಾರಖಾನೆ ಎದ್ದ ಮೇಲೆ ಜಪಾನೀ ಕುಟುಂಬಗಳು ಆ ಪಟ್ಟಣಕ್ಕೆ ಬಂದು ನೆಲೆಸಿದವು. ಅವರ ಹಿಂದೆ ಅವರ ಅಡಿಗೆಯೂ ಬಂದಿತು. ಮಗಳು ಆ ಭಾಷೆಯನ್ನು ಕೆಲಮಟ್ಟಿಗೆ ಕಲಿತಿದ್ದಾಳೆ. "ಅಪ್ಪಾ, ನೀವು ನನ್ನ ಗಳಿಕೆಯ ಊಟ ಒಮ್ಮೆಯೂ ಉಂಡಿಲ್ಲ. ನಿಮಗಾಗಿ ಶಾಕಾಹಾರವನ್ನೇ ಹೇಳಿಟ್ಟೇನಿ, ಬರ್ರಿ" ಎಂದು ಅವಳು ಅಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಒಳಗೆ ಹೋದ ಕೂಡಲೆ ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂದರು. ಇದು ನಮ್ಮ ಮನೆಯ ರೀತಿಯೇ ಎಂದು ಸಮಾಧಾನವಾಯಿತು. ಹುಲ್ಲಿನ ದಪ್ಪ ಚಾಪೆಗಳನ್ನು ಹಾಸಿದ ಕೋಣೆ, ಗಿಡ್ಡ ಮೇಜು, ನೆಲದ ಮೇಲೆ ಕೂಡ್ರುವದು. ಕೈ ಒರೆಸಿಕೊಳ್ಳಲು ಬಿಸಿನೀರಿನಲ್ಲಿ ಹಿಂಡಿದ ಅರಿವೆಯನ್ನು ಕೊಟ್ಟರು. ಮಗಳು ಎರಡು ನಿಷೇಧಗಳನ್ನು ಮೊದಲೇ ತಿಳಿಸಿದಳು: ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಮೃತರಿಗೆ ಅನ್ನವಿಡುವ ಕ್ರಮ, ಕಡ್ಡಿಯಿಂದ ಕಡ್ಡಿಗೆ ತಿನಿಸನ್ನು ದಾಟಿಸಬಾರದು, ದಹನದ ತರುವಾಯ ಅಸ್ಥಿಗಳನ್ನು ಆಯುವದು ಹಾಗೆ. ಶ್ರಾದ್ಧದ ವಿಧಿಗಳನ್ನು ಬಲ್ಲ ನಮಗೆ ಇದು ಪರದೇಶದ ಮಾತೆನ್ನಿಸಲಿಲ್ಲ. ಶುಭಕ್ಕೂ ಅಶುಭಕ್ಕೂ ಕೈ ಬೇರೆ, ಕ್ರಮ ಬೇರೆ ಎಂಬದನ್ನು ಅವರೂ ಬಲ್ಲರು.

ಮೊದಲು ಬಂದದ್ದು ಬದನೆಕಾಯಿ. ಅಡ್ಡ ಸೀಳಿ, ಸುಟ್ಟು, ಮೇಲೆ ಮೀಸೋ ಎಂಬ ಮಂದವಾದ ವ್ಯಂಜನವನ್ನು ಸವರಿದ್ದರು. ಸೋಯಾ ಕಾಳನ್ನು ಬೇಯಿಸಿ, ಉಪ್ಪು ಬೆರೆಸಿ, ಅಕ್ಕಿಯ ಮೇಲೆ ಬೆಳೆಯಿಸಿದ ಒಂದು ಬಗೆಯ ಬೂಷ್ಟಿನಿಂದ ತಿಂಗಳುಗಟ್ಟಲೆ ಹುಳಿಯಿಸಿ ಮಾಡುವದಂತೆ. ನಮ್ಮ ಮನೆಯವರು ಒಂದು ತುಣುಕನ್ನು ಬಾಯಲ್ಲಿಟ್ಟು, "ಎಣ್ಣಿಗಾಯಿ ಆಗಬೇಕಾಗಿತ್ತು, ಖಾರ ಮರತಾರ" ಎಂದು ತೀರ್ಪು ಕೊಟ್ಟರು. ಬಳಿಕ ಹಿಟ್ಟಿನಲ್ಲಿ ಅದ್ದಿ ಕರಿದ ಗೆಣಸು, ಬೆಂಡೆಕಾಯಿ ಬಂದವು. ಈ ಟೆಂಪುರಾದ ಕ್ರಮವನ್ನು ಜಪಾನೀಯರು ಕಲಿತದ್ದು ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ತುಗೀಜರಿಂದ. ಅದೇ ಪೋರ್ತುಗೀಜರು ನಮ್ಮ ನಾಡಿಗೆ ಮೆಣಸಿನಕಾಯಿಯನ್ನು ತಂದರು. ಅವರಿಗೆ ಬಜಿ, ನಮಗೆ ಖಾರ ಎಂದು ನಾವು ಅಂದೆವು, ಮಗಳು ನಕ್ಕಳು.

ಮುಂದೆ ಸೌತೆಕಾಯಿಯನ್ನು ನಡುವೆ ಇಟ್ಟು, ಕಡಲ ಸಸ್ಯದ ಹಾಳೆಯಲ್ಲಿ ಸುತ್ತಿದ ಅನ್ನದ ಬಿಲ್ಲೆಗಳು. ಇಂಥ ಅನ್ನಕ್ಕೆ ಜಪಾನದ ಬಾಣಸಿಗರು 'ಶಾರಿ' ಎನ್ನುವರೆಂದು ಮಗಳು ಹೇಳಿದಾಗ ನಮ್ಮ ಕಡ್ಡಿಗಳು ಕೈಯಿಂದ ಜಾರಿದವು. ಆ ಪದ ನಮ್ಮ ಸಂಸ್ಕೃತದ 'ಶರೀರ'! ಬುದ್ಧನ ಅಸ್ಥಿಶೇಷಗಳಿಗೆ ಬೌದ್ಧರು ಶರೀರವೆಂದೇ ಕರೆಯುವರು. ಆ ಶಬ್ದವು ಚೀನದ ಮಾರ್ಗವಾಗಿ ಜಪಾನಕ್ಕೆ ಹೋಗಿ, ಬಿಳಿಯ ಸಣ್ಣ ಹರಳುಗಳಂತೆ ಕಾಣುವ ಅನ್ನದ ಅಗುಳಿಗೆ ಹೆಸರಾಯಿತು. 'ಧ್ಯಾನ'ವು ಅಲ್ಲಿ 'ಝೆನ್' ಆದದ್ದೂ ಇದೇ ದಾರಿಯಿಂದ. ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷುವು ೭೫೨ರಲ್ಲಿ ನಾರಾ ಪಟ್ಟಣದ ಮಹಾಬುದ್ಧನ ಮೂರ್ತಿಗೆ ನೇತ್ರೋನ್ಮೀಲನವನ್ನು ಮಾಡಿದನು. ನಮ್ಮ ಸೀಮೆಯ ಭೀಮಾತೀರದಲ್ಲಿಯೇ, ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ, ಮಹಾಸ್ತೂಪವೂ 'ರಾಯಾ ಅಸೋಕೋ' ಎಂದು ಬರೆದ ಶಿಲ್ಪವೂ ದೊರೆತಿರುವವಷ್ಟೆ. ಸ್ತೂಪವೆಂದರೆ ಶರೀರವನ್ನು ಗರ್ಭದಲ್ಲಿಟ್ಟು ಕಟ್ಟುವ ಕಟ್ಟಡ. ಇಷ್ಟು ಹತ್ತಿರದ ಮಾತು ಅಷ್ಟು ದೂರ ಹೋಗಿ, ಅನ್ನವಾಗಿ, ತಿರುಗಿ ನಮ್ಮ ತಾಟಿಗೆ ಬಂದಿತ್ತು. ನಾವು ಪಾಠ ಹೇಳಲಾರಂಭಿಸಿದೆವು. ಮಗಳೂ ಅಳಿಯಂದಿರೂ ವಿದ್ಯಾರ್ಥಿಗಳಂತೆ ಕೇಳಿದರು.

ಆ ಹುರುಪಿನಲ್ಲಿ ಮುಂದೆ ಬಂದ ಬಿಸಿ ಸಾರನ್ನು ಎರಡು ಗುಟುಕು ಕುಡಿದು, "ಬಹಳ ಹಿತವಾಗಿದೆ" ಎಂದು ಹೊಗಳಿದೆವು. ಮನೆಯವರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. "ಏನ್ರೀ, ಇದರಾಗ ಏನೋ ಹೊಗಿ ವಾಸನಿ ಬರ್ತದ ನೋಡ್ರಿ" ಎಂದರು. ಮಗಳ ಮುಖ ಬಿಳುಪೇರಿತು. ಅವಳು ಎದ್ದು ಹೋಗಿ ವಿಚಾರಿಸಿ ಬಂದಳು. ಅವಳ ಹಿಂದೆ ಬಾಣಸಿಗನೇ ಬಂದನು. ಸಂಗತಿ ಇಷ್ಟು: ಕತ್ಸುಓ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಕಟ್ಟಿಗೆಯಂತೆ ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆದು, ಆ ಸಿಪ್ಪೆಗಳನ್ನು ಬಿಸಿನೀರಿನಲ್ಲಿ ನೆನೆಯಿಸಿ ಸೋಸಿದ ತಿಳಿಯೇ ಅವರ ಸಾರುಗಳಿಗೆ ಮೂಲ. ಮೀನಿನ ತುಂಡು ಕಾಣದಿದ್ದ ಮೇಲೆ ಅದು ಶಾಕಾಹಾರವೆಂದೇ ಬಡಿಸುವವನು ತಿಳಿದಿದ್ದನು.

ನಾವು ಹುಟ್ಟಿದಾರಭ್ಯ ಮೀನು ಮಾಂಸಗಳನ್ನು ಮುಟ್ಟಿದವರಲ್ಲ. ಹೊಟ್ಟೆ ತೊಳಸಿದಂತಾಯಿತು. ಮಗಳ ಕಣ್ಣಲ್ಲಿ ನೀರು. ಬಾಣಸಿಗನಾದರೋ ಸುಮಾರು ನಮ್ಮ ವಯಸ್ಸಿನವನು. ಚಾಪೆಯ ಮೇಲೆ ಮೊಣಕಾಲೂರಿ ಕುಳಿತು, ಎರಡೂ ಅಂಗೈಗಳನ್ನು ನೆಲಕ್ಕೆ ಹಚ್ಚಿ, ತಲೆ ಬಾಗಿಸಿದನು. ತಪ್ಪು ಬಡಿಸಿದವನದೆಂದು ಅವನು ಹೇಳಲಿಲ್ಲ. ಸಿಟ್ಟಿನ ಮಾತೊಂದು ನಾಲಗೆಯ ತುದಿಗೆ ಬಂದಿತ್ತು; ಆ ಬಾಗಿದ ತಲೆಯನ್ನು ನೋಡುತ್ತಲೆ ಅದು ಅಲ್ಲಿಯೇ ನಿಂತಿತು. ಏಕೆಂದರೆ ನಮಗೆ ಬೇರೊಂದು ಬಾಗಿದ ತಲೆ ನೆನಪಾಯಿತು.

ಮೂವತ್ತೈದು ವರುಷಗಳ ಹಿಂದಿನ ಮಾತು. ಭೀಮಾತೀರದ ಒಂದು ಹಳ್ಳಿಯಲ್ಲಿ ನಾವು ಹೊಸ ಮಾಸ್ತರರು. ಮಧ್ಯಾಹ್ನ ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಅಂಬಿಗರ ಹುಡುಗನೊಬ್ಬನು ರೊಟ್ಟಿಯ ಸಂಗಡ ಒಣಮೀನು ತರುತ್ತಿದ್ದನು. ಯಾವ ಹುಡುಗನೂ ದೂರು ಹೇಳಿರಲಿಲ್ಲ. ನಾವೇ, ಕೇವಲ ನಮ್ಮ ಅಸಹ್ಯಕ್ಕಾಗಿ, "ನಿನ್ನ ಬುತ್ತಿ ತೆಗೆದುಕೊಂಡು ಹೊರಗೆ ಹೋಗು" ಎಂದೆವು. ಅವನು ತಲೆ ಬಾಗಿಸಿ ಅರಿವೆಯ ಗಂಟು ಕಟ್ಟಿಕೊಂಡು ಹೋದನು. ಅಂದಿನಿಂದ ದಿನಾಲು ಅಂಗಳದ ಬೇವಿನ ಗಿಡದ ಬುಡದಲ್ಲಿ ಒಬ್ಬನೇ ಉಂಡನು. ಮರುವರುಷ ಅವನು ಶಾಲೆಗೆ ಬರಲಿಲ್ಲ. ತಂದೆಯೊಡನೆ ದೋಣಿಗೆ ಹೋಗುತ್ತಾನೆಂದು ಕೇಳಿ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದೆವು. ಅನ್ನವನ್ನು ನಿಂದಿಸಬಾರದೆಂಬದು ತೈತ್ತಿರೀಯೋಪನಿಷತ್ತು ವಿಧಿಸಿದ ವ್ರತ. ಅದನ್ನು ಎಷ್ಟು ಸಭೆಗಳಲ್ಲಿ ವಿವರಿಸಿರುವೆವೋ ಲೆಕ್ಕವಿಲ್ಲ. ಆ ಹುಡುಗನ ರೊಟ್ಟಿಯೂ ಅನ್ನವೇ ಎಂಬದು ಅಂದು ಹೊಳೆಯಲಿಲ್ಲ.

ನಾವು ಬಾಣಸಿಗನಿಗೆ ಕೈ ಮುಗಿದು, "ಅರಿಯದೆ ಆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಎಂದು ಹೇಳವ್ವಾ" ಎಂದು ಮಗಳಿಗೆ ಹೇಳಿದೆವು. ಅವನು ಒಳಗೆ ಹೋಗಿ ಅರ್ಧ ತಾಸಿನಲ್ಲಿ ಬೇರೆ ಸಾರು ತಂದನು. ಒಣ ಅಣಬೆ ಮತ್ತು ಕೊಂಬು ಎಂಬ ಕಡಲ ಸಸ್ಯ, ಇಷ್ಟರಿಂದಲೇ ಮಾಡಿದ್ದು. (ನಮ್ಮ ಎತ್ತಿನ ಕೊಂಬಿಗೂ ಇದಕ್ಕೂ ಸಂಬಂಧವಿಲ್ಲ.) ಇದು ಅವರ ಬೌದ್ಧ ಮಠಗಳ ಪದ್ಧತಿಯಂತೆ. ದೋಗೆನ್ ಎಂಬ ಗುರುವು ೧೨೩೭ರಲ್ಲಿ ಮಠದ ಅಡಿಗೆಯವನ ಧರ್ಮವನ್ನು ಕುರಿತೇ ಒಂದು ಗ್ರಂಥವನ್ನು ಬರೆದಿರುವನು. ಅಕ್ಕಿ ತೊಳೆಯುವದೂ ಅವನಿಗೆ ಸಾಧನೆಯೇ. ಇದೇ ಕೊಂಬಿನ ರುಚಿಗೆ ಕಾರಣವಾದ ದ್ರವ್ಯವನ್ನು ಇಕೇದಾ ಎಂಬ ಪಂಡಿತನು ೧೯೦೮ರಲ್ಲಿ ಬೇರ್ಪಡಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟನು. ನಮ್ಮ ಷಡ್ರಸಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ನಾಲಗೆಯು ಶಾಸ್ತ್ರವನ್ನು ಕೇಳದೆ ಅದನ್ನು ಒಪ್ಪಿತು. ಊಟದ ಹಣ ನಮ್ಮ ಮೊದಲಿನ ಆರು ತಿಂಗಳ ಸಂಬಳಕ್ಕೆ ಸಮನಾಗಿತ್ತೆಂದು ತರುವಾಯ ತಿಳಿಯಿತು. ಮಗಳು ಚೀಟಿಯನ್ನು ತೋರಿಸಿರಲಿಲ್ಲ.

ಊರಿಗೆ ಮರಳಿದ ವಾರದಲ್ಲಿ ಆ ಹಳ್ಳಿಗೆ ಹೋದೆವು. ಹುಡುಗನು ಈಗ ನಲವತ್ತೈದರ ಗೃಹಸ್ಥ. ಮೀನು ಮಾರಿ ಮೂರು ಮಕ್ಕಳನ್ನು ಓದಿಸುತ್ತಿರುವನು. ಕಂಬಳಿ ಹಾಸಿ ಕೂಡ್ರಿಸಿದನು. ಬುತ್ತಿಯ ದಿವಸ ಅವನನ್ನು ಪಂಕ್ತಿಯಿಂದ ಎಬ್ಬಿಸಿದ್ದು ನಮ್ಮ ತಪ್ಪೆಂದು ಹೇಳಿದೆವು. ಅವನು ನಕ್ಕು, "ಎಂದಿನ ಮಾತ್ರೀ ಮಾಸ್ತರ, ನನಗ ಖರೇನೇ ನೆನಪಿಲ್ರೀ" ಎಂದನು. ಹಾಗಾದರೆ ನಮ್ಮ ಭಾರ ಇಳಿಯಿತೆಂದು ಏಳಹೊರಟಾಗ ಅವನೇ ಮೆಲ್ಲಗೆ, "ಆ ಬೇವಿನ ಗಿಡ ಕಡದಾರ್ರೀ ಮಾಸ್ತರ, ಹೊಸಾ ಖೋಲಿ ಕಟ್ಟೋ ಮುಂದ" ಎಂದನು. ಗಿಡದ ಮಾತನ್ನು ನಾವು ಎತ್ತಿರಲಿಲ್ಲ.

ನಾವು ತಿರುಗಿ ಕುಳಿತುಕೊಂಡೆವು. "ರೊಟ್ಟಿ ಇದ್ದರೆ ಒಂದು ಹಾಕವ್ವಾ" ಎಂದು ಅವನ ಹೆಂಡತಿಯನ್ನು ಕೇಳಿದೆವು. ಅವಳು ಗಂಡನ ಮುಖ ನೋಡಿ ರೊಟ್ಟಿ, ಹಿಂಡಿ, ಮೊಸರು ತಂದಿಟ್ಟಳು. ಅವನ ತಾಟಿನಲ್ಲಿ ಮೀನಿನ ಸಾರು ಇತ್ತು. ನಾವು ಮೀನು ಉಣ್ಣುವವರಲ್ಲ. ಆ ನೇಮ ಕಡೆಯವರೆಗೂ ಹಾಗೆಯೇ ಇರುವದು. ಆದರೆ ಅಂದು ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು.